ವಿಲ್ಕ್ಸ್ ಕಂಡ ದುರ್ಗದ ದಂಡು

ಚಿತ್ರದುರ್ಗದ ಬೇಡ ಪಡೆ ಹೇಗೆ ಕಾದಿತು ಎಂದು ತಿಳಿಯಬೇಕಾದರೆ ನಾವು ಇವತ್ತಿಗೂ ಒಬ್ಬ ಇಂಗ್ಲಿಷ್ ಸೈನ್ಯಾಧಿಕಾರಿಯ ಪುಸ್ತಕಕ್ಕೇ ಹೋಗಬೇಕು. ಮೈಸೂರಿನಲ್ಲಿ ರೆಸಿಡೆಂಟನಾಗಿ ಕೆಲಸ ಮಾಡಿದ ಮಾರ್ಕ್ ವಿಲ್ಕ್ಸ್ ಬರೆದ ಮೈಸೂರು ಚರಿತ್ರೆಯ ಮೊದಲ ಸಂಪುಟ 1810ರಲ್ಲಿ, ಉಳಿದೆರಡು 1817ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಮೈಸೂರಿನ ಹೈದರ್ ಅಲಿಯ ಮುತ್ತಿಗೆಗೆ ದುರ್ಗ ಬಿದ್ದದ್ದು 1779ರಲ್ಲಿ. ಹೈದರನ ಕಾಲವನ್ನು ಕಣ್ಣಾರೆ ಕಂಡವರು ವಿಲ್ಕ್ಸ್ ಬರೆಯುವಾಗ ಇನ್ನೂ ಬದುಕಿದ್ದರು. ಮುಂದೆ ರೈಸ್ ಸಾಹೇಬರ ಮೈಸೂರು ಗ್ಯಾಸೆಟಿಯರ್ ಬಹುಮಟ್ಟಿಗೆ ಇದೇ ಕಥನವನ್ನು ಒಪ್ಪಿಕೊಂಡಿತು. ಆದ್ದರಿಂದ ವಿಲ್ಕ್ಸನನ್ನು ತೂಗಿ ನೋಡುವುದೆಂದರೆ ದುರ್ಗದ ಬಗ್ಗೆ ನಮಗೆ ತಿಳಿದಿರುವುದರ ಬುಡವನ್ನೇ ತೂಗಿ ನೋಡಿದಂತೆ.

ಅವನ ದೊಡ್ಡ ಗುಣ ಯುದ್ಧವನ್ನು ಯುದ್ಧವಾಗಿ ನೋಡುವುದು. ಮುತ್ತಿಗೆಯ ದಿನಗಳ ಒಂದು ವಿವರ ಓದಿದವರ ಮನಸ್ಸಿನಿಂದ ಅಳಿಯುವುದಿಲ್ಲ. ವಾರವಾರವೂ ಸೋಮವಾರ ಬೇಡರು ದೇವಿಯ ಪೂಜೆ ಮುಗಿಸಿ ಕೋಟೆಯಿಂದ ಹೊರಬೀಳುತ್ತಿದ್ದರು. ಹೊರಡುವ ಮುನ್ನ ಒಂದು ಗೊತ್ತಾದ ಕೊಂಬನ್ನು ಊದುತ್ತಿದ್ದರು. ಆ ದನಿ ಕೇಳಿದರೆ ಸಾಕು, ಇಂದು ದಾಳಿ ಉಂಟೆಂದು ಹೈದರನ ಪಾಳೆಯಕ್ಕೆಲ್ಲ ತಿಳಿಯುತ್ತಿತ್ತು. ತಿಳಿಯದೇ ಇದ್ದದ್ದು ಎಲ್ಲಿಗೆ ಬರುತ್ತಾರೆ ಎನ್ನುವುದು ಮಾತ್ರ. ಶತ್ರುವಿಗೆ ಸುಳಿವು ಕೊಟ್ಟೇ ಹೊರಟವರು ಒಮ್ಮೆಯೂ ಬರಿಗೈಯಲ್ಲಿ ಮರಳಲಿಲ್ಲ. ಕಂದಕಗಳಿಗೆ ನುಗ್ಗಿ ತಲೆಗಳನ್ನು ತಂದು ದೇವಿಗೆ ಒಪ್ಪಿಸುತ್ತಿದ್ದರು. ಕೋಟೆ ಬಿದ್ದ ಮೇಲೆ ಗುಡಿಯ ಮುಂದೆ ಸಾಲುಸಾಲಾಗಿ, ಸಣ್ಣ ಗೋಪುರಗಳಂತೆ ಜೋಡಿಸಿದ್ದ 2,000 ತಲೆಗಳು ಸಿಕ್ಕವು ಎನ್ನುತ್ತಾನೆ ವಿಲ್ಕ್ಸ್.

ಇಲ್ಲೇ ಅವನ ಮಿತಿಯೂ ಕಾಣುತ್ತದೆ. ದೇವಿ ಅವನಿಗೆ ಬರೀ ‘ಕಾಳಿ’. ಅವಳು ಏಕನಾಥಮ್ಮನೋ, ಉಚ್ಚಂಗೆಮ್ಮನೋ, ಆ ಪಡೆಗೆ ಅವಳು ಏನಾಗಿದ್ದಳು ಎಂದು ಅವನು ವಿಚಾರಿಸುವುದಿಲ್ಲ. ಸಾಲು ಬಿಡದೆ ತಲೆ ಜೋಡಿಸಿಟ್ಟದ್ದನ್ನು ಬರೆದವನು, ತಂದವರಲ್ಲಿ ಒಬ್ಬನ ಹೆಸರನ್ನೂ ಬರೆಯಲಿಲ್ಲ. ಸೋಲಿಗೆ ಅವನು ಕೊಡುವ ಕಾರಣವನ್ನೂ ಎಚ್ಚರದಿಂದ ಓದಬೇಕು. ದುರ್ಗದ ಪಾಳೆಯಗಾರ ಮದಕರಿ ನಾಯಕನ ಸೇವೆಯಲ್ಲಿದ್ದ ಮುಸಲ್ಮಾನ ಅಧಿಕಾರಿಗಳ ದ್ರೋಹದಿಂದ ಕೋಟೆ ಬಿತ್ತು ಎನ್ನುವುದು ಅವನ ಮಾತು. ರೈಸ್ ಹೇಳುವುದೂ ಅದನ್ನೇ. ದ್ರೋಹ ನಡೆದಿರಬಹುದು. ಆದರೆ 1777ರಿಂದ ಮತ್ತೆ ಮತ್ತೆ ಮುತ್ತಿಗೆ ಎದುರಿಸಿದ, ಹೊರಗಿನ ನೆರವಿಲ್ಲದ ಕೋಟೆಯೊಂದರ ದಣಿವು ಆ ಒಂದು ಕಾರಣದ ಹಿಂದೆ ಮರೆಯಾಗಿಬಿಡುತ್ತದೆ. ಆ ಮುಸಲ್ಮಾನ ಸೈನಿಕರೂ ಅಲ್ಲಿಯವರೆಗೆ ದುರ್ಗದ ದಂಡಿನವರೇ ಆಗಿದ್ದರು ಎಂಬುದನ್ನು ಈ ಕಥೆ ಹೇಳುವ ನಾವೂ ಮರೆಯಬಾರದು.

ನನಗೆ ಇನ್ನೂ ಮುಖ್ಯವೆನಿಸುವುದು ಕೋಟೆಯ ಹೊರಗಿನ ಸಂಗತಿ. ದುರ್ಗ ಎಂದರೆ ನಮ್ಮ ಕಣ್ಣಿಗೆ ಏಳು ಸುತ್ತಿನ ಕಲ್ಲು ಕಟ್ಟಣೆ, ಬತೇರಿ, ಒನಕೆ ಓಬವ್ವನ ಕಿಂಡಿ. ಅಂದಿನ ರಾಜಕೀಯದಲ್ಲಿ ಅದು ಗಡಿ. ಶ್ರೀರಂಗಪಟ್ಟಣಕ್ಕೆ ಉತ್ತರದ ಗಡಿ, ಪುಣೆಗೆ ದಕ್ಷಿಣದ ಬಾಗಿಲು. ಹೀಗಾಗಿ ಈ ದಂಡು ಪದೇ ಪದೇ ಪರರ ಯುದ್ಧಕ್ಕೆ ಹೋಯಿತು. ಬಿದನೂರಿನ ಹಕ್ಕುದಾರ ತಾನೆಂದು ಹೇಳಿಕೊಂಡವನನ್ನು ಹೈದರನಿಗೆ ಗಂಟುಹಾಕಿ, 1763ರ ಬಿದನೂರಿನ ದಂಡಯಾತ್ರೆಗೆ ದಾರಿ ಮಾಡಿಕೊಟ್ಟದ್ದು ದುರ್ಗವೇ. ಏಳು ವರ್ಷ ಕಳೆಯುವಷ್ಟರಲ್ಲಿ ಅದೇ ಪಡೆ ಹೈದರನ ವಿರುದ್ಧ ನಿಂತಿತ್ತು. 1770ರಲ್ಲಿ ಪೇಶ್ವೆ ಮಾಧವರಾಯ ನಿಜಗಲ್ಲಿಗೆ ಮುತ್ತಿಗೆ ಹಾಕಿದಾಗ ಮರಾಠರ ಲಗ್ಗೆಗಳು ವಿಫಲವಾದವು. ಕೊನೆಗೆ ಏಣಿ ಹತ್ತಿ ಕೋಟೆ ಹಿಡಿದವರು ದುರ್ಗದ ಬೇಡರು. ವಿಲ್ಕ್ಸ್ ಇದನ್ನೆಲ್ಲ ದಾಖಲಿಸಿದ್ದಾನೆ. ಇತ್ತ ಹೈದರ್, ಅತ್ತ ಪೇಶ್ವೆ, ನಡುವೆ ಮದಕರಿ ನಾಯಕ ಯಾವ ಕಡೆ ಹೋದರೂ ಇನ್ನೊಂದು ಕಡೆಯ ಸಿಟ್ಟು ತಪ್ಪಿದ್ದಲ್ಲ ಎಂಬುದನ್ನು ಈ ಪುಟಗಳಿಂದ ನಾವು ಕಟ್ಟಿಕೊಳ್ಳಬಹುದು. ವಿಲ್ಕ್ಸ್ ಮಾತ್ರ ಅದನ್ನು ಪಾಳೆಯಗಾರನ ಚಂಚಲತೆ ಎನ್ನುವಂತೆ ಬರೆಯುತ್ತಾನೆ.

ಕನ್ನಡದಲ್ಲಿ ಈ ಕೊರತೆಯನ್ನು ತುಂಬಿದವರು ತ.ರಾ.ಸು. 1982ರ ‘ದುರ್ಗಾಸ್ತಮಾನ’ ಕಾದಂಬರಿ ನಾಯಕನ ಅಂತರಂಗವನ್ನೂ ಅರಮನೆಯ ಒಳಜಗಳವನ್ನೂ ನಮ್ಮದಾಗಿಸಿತು. ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅವರು ತೀರಿಕೊಂಡ ಮೇಲೆ, 1985ರಲ್ಲಿ. ಓಬವ್ವನ ಕಥೆಯಂತೂ ಜನರ ಬಾಯಲ್ಲೇ ಉಳಿದು, 1972ರ ‘ನಾಗರಹಾವು’ ಸಿನಿಮಾದಿಂದ ನಾಡಿನ ಮನೆಮನೆಗೆ ಮುಟ್ಟಿತು. ಇವೆರಡನ್ನೂ ನಾನು ಪ್ರೀತಿಸುತ್ತೇನೆ. ಆದರೂ ದಂಡು ಇವೆರಡರಲ್ಲೂ ಹಿನ್ನೆಲೆಗೇ ಸರಿಯಿತು. ಕೋಟೆಯೊಳಗೆ ಮದ್ದು ಅರೆಯುವ ದೊಡ್ಡ ಬೀಸುಕಲ್ಲುಗಳು ಇಂದಿಗೂ ಗುಂಡಿಯಲ್ಲಿ ನಿಂತಿವೆ. ಎತ್ತೋ ಆನೆಯೋ ಎಳೆದಿತ್ತು ಎಂಬ ವಿವರಣೆ ಕೇಳಿ ಎಲ್ಲರೂ ಫೋಟೊ ತೆಗೆದು ಮುಂದೆ ನಡೆಯುತ್ತಾರೆ. ಆ ಮದ್ದು ತುಂಬಿಕೊಂಡು ನಿಜಗಲ್ಲಿಗೆ ಹೋದವರು ಯಾರು ಎಂದು ಕೇಳುವವರಿಲ್ಲ.

ವಿಲ್ಕ್ಸನ ಅತ್ಯಂತ ಭಾರವಾದ ವಾಕ್ಯ ಕೋಟೆ ಬಿದ್ದ ನಂತರದ್ದು. 20,000 ಬೇಡರನ್ನು ಹೈದರ್ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರಲ್ಲಿ ವಯಸ್ಸಿಗೆ ಬಂದ ಹುಡುಗರನ್ನು ಮತಾಂತರಿಸಿ ‘ಚೇಲಾ’ ಪಟಾಲಂಗಳನ್ನು ಕಟ್ಟಿದ. ತಮ್ಮ ಬೆಟ್ಟವನ್ನು ಕಾದವರ ಮಕ್ಕಳು, ಅದನ್ನು ಗೆದ್ದವನ ಗಡಿ ಕಾಯಲು ಹೊರಟರು. ಇಷ್ಟು ಹೇಳಿ ವಿಲ್ಕ್ಸ್ ಮುಂದಿನ ಯುದ್ಧಕ್ಕೆ ನಡೆಯುತ್ತಾನೆ. ನಮ್ಮ ಕಾದಂಬರಿ, ನಾಟಕ, ಸಿನಿಮಾಗಳೂ ಕೋಟೆ ಬಿದ್ದಲ್ಲಿಗೇ ನಿಲ್ಲುತ್ತವೆ. ದುರ್ಗದ ಕಥೆಯ ಅರ್ಧ ಭಾಗ ಅಲ್ಲಿಂದಲೇ ಶುರುವಾಗುತ್ತದೆ.

ವಿಲ್ಕ್ಸನನ್ನು ಬಿಡುವಂತಿಲ್ಲ, ನಂಬಿ ಕೂರುವಂತೆಯೂ ಇಲ್ಲ. ಯುದ್ಧದ ನಡೆಗೆ ಅವನು ಒಳ್ಳೆಯ ಸಾಕ್ಷಿ, ಜನರ ಮಟ್ಟಿಗೆ ಬಡ ಸಾಕ್ಷಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬೇಡರ ಹಟ್ಟಿಗಳಲ್ಲಿ ಮನೆತನದ ನೆನಪು, ದೇವರ ಹರಕೆ, ಹಾಡು ಹೇಳುವ ಹಿರಿಯರು ಇರುವಾಗಲೇ ಅವನ್ನು ಬರೆದಿಟ್ಟುಕೊಳ್ಳುವ ಕೆಲಸ ನಡೆಯಲಿ. ದುರ್ಗದಿಂದ ಬೆಂಗಳೂರಿಗೆ ಹೋಗುವವರು ತುಮಕೂರು ದಾಟಿ ದಾಬಸ್‌ಪೇಟೆ ಸಮೀಪಿಸುವಾಗ ನಿಜಗಲ್ಲಿನ ಬೆಟ್ಟವನ್ನು ಒಮ್ಮೆ ನೋಡಲಿ. ಅದನ್ನು ಹತ್ತಿ ಗೆದ್ದವರು ನಮ್ಮೂರಿನವರು.