ಬಂದರುನಗರಗಳ ಮಾನದಂಡವೂ ಇಬ್ನ್ ಬತೂತನ ಹೊನ್ನಾವರವೂ

ಪ್ರಮೇಯದ ಸಿದ್ಧಿಯು ಪ್ರಮಾಣಾಧೀನವೆಂಬುದು ಶಾಸ್ತ್ರಕಾರರ ಮತವು. ಬಂದರುನಗರದ ಅಭ್ಯುದಯವನ್ನು ಸರಕಿನ ತೂಕದಿಂದಲೇ ಅಳೆಯುವುದು ರೂಢಿಯಾಗಿದೆ. 14ನೆಯ ಶತಮಾನದ ಯಾತ್ರಿಕನಾದ ಇಬ್ನ್ ಬತೂತನಾದರೋ, ತನ್ನ ‘ರಿಹ್ಲಾ’ ಗ್ರಂಥದಲ್ಲಿ ಹೊನ್ನಾವರವನ್ನು ವರ್ಣಿಸುವಾಗ, ಬಾಲಕಿಯರ 13, ಬಾಲಕರ 23 ಪಾಠಶಾಲೆಗಳನ್ನು ಲೆಕ್ಕಿಸಿರುವನು. ಊರವರಿಗೆ ಸಮುದ್ರವ್ಯಾಪಾರವೇ ಜೀವನೋಪಾಯವೆಂದೂ ಸಾಗುವಳಿಯ ಭೂಮಿಯಿಲ್ಲವೆಂದೂ ಹೇಳಿರುವನು. ಮೊದಲನೆಯ ಮಾತು ನಗರದ ಗುಣವನ್ನೂ, ಎರಡನೆಯದು ಅದರ ಅಪಾಯವನ್ನೂ ಸೂಚಿಸುವುದು. ಈ ವರ್ಣನೆಯ ಹಿರಿಮೆಯು ಇದರಲ್ಲಿಯೇ ಇದೆ.

ಆದರೆ ಒಮ್ಮೆ ಕಂಡ ಸಂಖ್ಯೆಯಿಂದ ಅಭಿವೃದ್ಧಿಯು ಸಿದ್ಧಿಸಬಹುದಲ್ಲದೆ ಅದರ ಸುಸ್ಥಿರತೆಯು ಸಿದ್ಧಿಸದು. ಅದಕ್ಕೆ ಕಾಲಾಂತರದಲ್ಲಿ ಮರುಗಣನೆಯು ಅವಶ್ಯಕ. ಈಚಿನ ವರ್ಷಗಳಲ್ಲಿ ಅದೇ ಹೊನ್ನಾವರದ ಕಾಸರಕೋಡಿನಲ್ಲಿ, ಶರಾವತಿಯ ಅಳಿವೆಯ ಬಳಿ, ಬಂದರು ಯೋಜನೆಯನ್ನು ಮೀನುಗಾರರು ವಿರೋಧಿಸಿರುವರು. ಹಡಗನ್ನು ಎಣಿಸಿ, ಬಲೆಯನ್ನೂ ಶಾಲೆಯನ್ನೂ ಎಣಿಸದ ಮಾನದಂಡವು ಅವ್ಯಾಪ್ತಿದೋಷದಿಂದ ಮುಕ್ತವಾಗದು.