ನೇಗಿಲು ಹೊತ್ತ ರೈತನ ಗೋಡೆ
1983ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ನಮ್ಮ ದೊಡ್ಡಪ್ಪನ ಕೈಗೆ ಬಿಡುವೇ ಇರಲಿಲ್ಲ. ಊರೂರಿನ ಗೋಡೆಗಳಿಗೆ ಸುಣ್ಣ ಬಳಿದು ಪಕ್ಷಗಳ ಚಿಹ್ನೆ ಬರೆಯುವುದು ಅವರ ಕಸುಬು. ಕಾಂಗ್ರೆಸ್ಸಿನ ಹಸ್ತ ಸುಲಭ. ಕಷ್ಟವೆಲ್ಲ ಜನತಾ ಪಕ್ಷದ್ದು. ಚಕ್ರದೊಳಗೆ ನೇಗಿಲು ಹೊತ್ತ ರೈತ ನಿಲ್ಲಬೇಕು, ನೇಗಿಲಿನ ಭಾರ ಅವನ ಹೆಗಲಲ್ಲಿ ಕಾಣಬೇಕು. ಮೊಳೆಗೆ ದಾರ ಕಟ್ಟಿ ಚಕ್ರ ಎಳೆಯುತ್ತಿದ್ದರು. ಅಕ್ಷರಗಳಿಗಾದರೆ ನೀಲಿ ಸವರಿದ ದಾರವನ್ನು ಗೋಡೆಗೆ ಬಿಗಿಹಿಡಿದು ಮೀಟುವುದು. ಗೆರೆ ನೇರ ಮೂಡುತ್ತಿತ್ತು. ದಾರದ ಒಂದು ತುದಿ ಹಿಡಿಯುವುದು ನನ್ನ ಪಾಲು. ಒತ್ತಕ್ಷರಕ್ಕೆ ಎಷ್ಟು ಜಾಗ ಬಿಡಬೇಕೆಂಬುದು ಅವರಿಗೆ ಕಣ್ಣಳತೆಯಲ್ಲೇ ಗೊತ್ತು.

ಮನೆಯಲ್ಲಿ ಅಜ್ಜಿ ಇಂದಿರಮ್ಮನ ಕಡೆ, ಚಿಕ್ಕಪ್ಪ ಜನತಾ ಪಕ್ಷದ ಕಡೆ. ಊಟಕ್ಕೆ ಕೂತರೆ ಜಗಳ. ದೊಡ್ಡಪ್ಪ ಮಾತ್ರ ಎರಡೂ ಪಕ್ಷಗಳ ಗೋಡೆಗಳನ್ನು ಒಂದೇ ಶ್ರದ್ಧೆಯಿಂದ ಬರೆದರು. ಆ ಜನವರಿಯಲ್ಲಿ ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದಾಗ ಚಿಕ್ಕಪ್ಪ ಕುಣಿದಾಡಿದರು, ಅಜ್ಜಿ ಮಾತು ಬಿಟ್ಟರು.

ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಕಾಲದಲ್ಲಿ ಚುನಾವಣಾ ನೀತಿ ಸಂಹಿತೆ ಬಿಗಿಯಾಯಿತು, ಗೋಡೆ ಬರಹಕ್ಕೆ ಕಡಿವಾಣ ಬಿತ್ತು. ಕಂಡವರ ಗೋಡೆ ಕೆಡಿಸಬಾರದೆಂಬುದು ಸರಿಯೇ. ಆದರೆ ಆಮೇಲೆ ಬಂದ ಫ್ಲೆಕ್ಸಿನಲ್ಲಿ ನಾಯಕರ ಮುಖವಷ್ಟೇ ದೊಡ್ಡದು, ಅಕ್ಷರ ಯಾರದ್ದೂ ಅಲ್ಲ. ದೊಡ್ಡಪ್ಪನ ಅಕ್ಷರದ ತಲೆಕಟ್ಟನ್ನು ನಾವು ಬಸ್ಸಿನ ಕಿಟಕಿಯಿಂದಲೇ ಗುರುತಿಸುತ್ತಿದ್ದೆವು.