ಮಾದರಿಯೂ ಪ್ರಮಾಣವೂ: ಪರೀಕ್ಷಾಂಕಗಳ ಗಣಿತವನ್ನು ಕುರಿತು

ವಿದ್ಯಾರ್ಥಿಗಳ ಉತ್ತರಗಳಿಗೆ ಗಣಿತದ ಮಾದರಿಯೊಂದನ್ನು ಅನ್ವಯಿಸಿ ಅವರ ಸಾಮರ್ಥ್ಯವನ್ನು ಅಳೆಯುವ ಕ್ರಮ ಇಂದು ವ್ಯಾಪಕವಾಗಿದೆ. ಆದರೆ ಆ ಮಾದರಿ ಉತ್ತರಗಳಿಗೆ ಹೊಂದುತ್ತದೆಯೇ ಎಂಬ ಪರಿಶೀಲನೆಗೆ ಅಷ್ಟೇ ಗಮನ ಸಂದಿಲ್ಲ. ನಾವು ಗಣಿತಜ್ಞರಲ್ಲ, ಇತಿಹಾಸದ ಅಭ್ಯಾಸಿಗಳು. ಆದರೂ ಸಾಕ್ಷ್ಯಪರಿಶೋಧನೆ ನಮ್ಮ ಕಾರ್ಯವೂ ಆದುದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳಬಯಸುತ್ತೇವೆ.

ಡೆನ್ಮಾರ್ಕಿನ ಗಣಿತಜ್ಞ ಗೇಆರ್ಗ್ ರಾಶ್ 1960ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ ಮಾದರಿ ಬಹು ಸರಳವಾದುದು. ಸರಿಯುತ್ತರದ ಸಂಭವನೀಯತೆ ವಿದ್ಯಾರ್ಥಿಯ ಸಾಮರ್ಥ್ಯವನ್ನೂ ಪ್ರಶ್ನೆಯ ಕಾಠಿಣ್ಯವನ್ನೂ ಮಾತ್ರ ಅವಲಂಬಿಸುವುದೆಂದು ಅದರ ತಾತ್ಪರ್ಯ. ಇದು ನಿಜವಾದರೆ ಪ್ರಶ್ನೆಗಳ ಪರಸ್ಪರ ಕಾಠಿಣ್ಯ ಹೆಚ್ಚು ಅಂಕದವರಲ್ಲಿಯೂ ಕಡಿಮೆ ಅಂಕದವರಲ್ಲಿಯೂ ಒಂದೇ ಆಗಿರಬೇಕು. ರಾಶ್ ಅವರೇ ಸೈನ್ಯದ ಬುದ್ಧಿಪರೀಕ್ಷೆಯೊಂದರ ಉತ್ತರಗಳನ್ನು ಅಂಕಗಳಿಗನುಸಾರವಾಗಿ ವಿಂಗಡಿಸಿ ತಾಳೆನೋಡಿದರು. ಕೆಲವು ಭಾಗಗಳು ಹೊಂದಿದವು, ಕೆಲವು ಹೊಂದಲಿಲ್ಲ. ಅದನ್ನು ಅವರು ಮರೆಮಾಚಲಿಲ್ಲ. ಈ ತಾಳೆಗೆ ಎರ್ಲಿಂಗ್ ಆಂಡರ್‌ಸನ್ 1973ರಲ್ಲಿ ಕಟ್ಟುನಿಟ್ಟಾದ ಸಂಖ್ಯಾಶಾಸ್ತ್ರೀಯ ನಿಕಷವನ್ನು ಒದಗಿಸಿದರು.

ಇಂತಹ ನಿಕಷದ ಅಗತ್ಯವೇನೆಂಬುದಕ್ಕೆ ಪೀಸಾ ಪರೀಕ್ಷೆ ನಿದರ್ಶನ. ಹದಿನೈದು ವರ್ಷದ ವಿದ್ಯಾರ್ಥಿಗಳಿಗಾಗಿ 2000ದಲ್ಲಿ ಆರಂಭವಾದ ಈ ಅಂತರರಾಷ್ಟ್ರೀಯ ಪರೀಕ್ಷೆ ಮೊದಮೊದಲು ರಾಶ್ ಮಾದರಿಯನ್ನೇ ಆಧರಿಸಿತ್ತು. 2006ರ ವಾಚನಪರೀಕ್ಷೆಯ ಉತ್ತರಗಳು ಮಾದರಿಗೆ ಹೊಂದುವುದಿಲ್ಲವೆಂದೂ, ಕೆಲವು ಪ್ರಶ್ನೆಗಳ ಕಾಠಿಣ್ಯ ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ಆಯ್ದ ಪ್ರಶ್ನೆಗಳಿಗೆ ತಕ್ಕಂತೆ ದೇಶಗಳ ಸ್ಥಾನವೂ ಬದಲಾಗುವುದೆಂದೂ ಸ್ವೆಂಡ್ ಕ್ರೈನರ್ ಮತ್ತು ಕಾರ್ಲ್ ಬಾಂಗ್ ಕ್ರಿಸ್ಟೆನ್ಸನ್ 2014ರಲ್ಲಿ ವಾದಿಸಿದರು. 2015ರ ಪರೀಕ್ಷೆಯಿಂದ ಪ್ರಶ್ನೆಗಳ ಭೇದಕಶಕ್ತಿಯನ್ನೂ ಗಣನೆಗೆ ತರುವ ಮಾದರಿ ಬಳಕೆಗೆ ಬಂದಿತು.

ಯಾವ ಮಾದರಿಯೂ ಪೂರ್ಣವಾಗಿ ಹೊಂದದು, ಉತ್ತರಗಳು ಲಕ್ಷಗಟ್ಟಲೆ ಇದ್ದಾಗ ಅತ್ಯಲ್ಪ ವ್ಯತ್ಯಾಸವೂ ನಿಕಷದಲ್ಲಿ ದೋಷವಾಗಿ ತೋರುವುದು ಎಂಬ ಸಮಾಧಾನವುಂಟು. ಇದರಲ್ಲಿ ಹುರುಳಿದೆ. ಆದರೆ ಆ ವ್ಯತ್ಯಾಸ ತೀರ್ಮಾನವನ್ನೇ ಬದಲಿಸುವಷ್ಟಿದೆಯೇ ಎಂದು ತೋರಿಸುವ ಹೊಣೆ ಅಳೆಯುವವರದು. ಇದನ್ನು ಮಾಡದೆ ಹೊಂದದ ಪ್ರಶ್ನೆಗಳನ್ನು ಸದ್ದಿಲ್ಲದೆ ಕೈಬಿಡುವ ಪದ್ಧತಿಯನ್ನು ನಾವು ಒಪ್ಪಲಾರೆವು. ತಾನು ಕಲ್ಪಿಸಿದ ವಂಶಾವಳಿಗೆ ಒಗ್ಗದ ಶಾಸನವನ್ನೆಲ್ಲ ಕೂಟಶಾಸನವೆಂದು ತಳ್ಳಿಹಾಕುವ ಇತಿಹಾಸಕಾರನ ತಪ್ಪೇ ಇದು. ಕೆಲವು ಶಾಸನಗಳು ನಿಜಕ್ಕೂ ಕೂಟವಾಗಿರಬಹುದು, ಕೆಲವು ಪ್ರಶ್ನೆಗಳೂ ದೋಷಯುಕ್ತವಾಗಿರಬಹುದು. ಆದರೆ ಅದಕ್ಕೆ ಸ್ವತಂತ್ರವಾದ ಕಾರಣ ಬೇಕು. ಕೈಬಿಟ್ಟ ಪ್ರಶ್ನೆಗಳೂ ಕೈಬಿಟ್ಟ ಕಾರಣಗಳೂ ಫಲಿತಾಂಶದೊಡನೆಯೇ ಪ್ರಕಟವಾಗಬೇಕು. ವಿದ್ಯಾರ್ಥಿಯ ಭವಿಷ್ಯ ಅಂಕದ ಮೇಲೆ ನಿಂತಿರುವಾಗ ಇಷ್ಟನ್ನು ಕೇಳುವುದು ಅತಿಯಾಗದೆಂದು ನಮ್ಮ ಅಭಿಪ್ರಾಯ.